ಮೂವತ್ತೈದು ವರ್ಷಗಳ ಮೇಲೆ ಮತ್ತೆ ‘ಡ್ರಂಕನ್ ಮಾಸ್ಟರ್’: ಅಂದಿನ ನಗು ಚಿತ್ರದ್ದೋ, ನಮ್ಮ ವಯಸ್ಸಿನದ್ದೋ?

ಪ್ರಶ್ನೆ (ಹಳೇ ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. 1988ರ ಗಣೇಶ ಚೌತಿಯಲ್ಲಿ ನಮ್ಮ ಓಣಿಯ ಹುಡುಗರು ಮನೆಮನೆಗೆ ಹೋಗಿ ಪಟ್ಟಿ ಎತ್ತಿ, ಒಂದು ರಾತ್ರಿಯ ಮಟ್ಟಿಗೆ ಬಣ್ಣದ ಟಿವಿಯನ್ನೂ ವಿಸಿಆರ್ ಅನ್ನೂ ಬಾಡಿಗೆಗೆ ತಂದಿದ್ದರು. ರಾಜಕುಮಾರ್ ಅವರ ಎರಡು ಚಿತ್ರಗಳು ಮುಗಿದು, ಹೆಂಗಸರು ಮಲಗಿದ ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋದ ಬಳಿಕ, ರಾತ್ರಿ ಎರಡರ ಸುಮಾರಿಗೆ ಮೂರನೆಯ ಕ್ಯಾಸೆಟ್ಟಾಗಿ ಹಾಕಿದ್ದು ಜಾಕಿ ಚಾನ್ ಅಭಿನಯದ ಹಾಂಗ್‌ಕಾಂಗ್ ಚಿತ್ರ ‘ಡ್ರಂಕನ್ ಮಾಸ್ಟರ್’. ತುಂಟ ಹುಡುಗನೊಬ್ಬ ಕುಡುಕ ಮುದುಕನ ಕೈಕೆಳಗೆ, ಕುಡಿದವನಂತೆ ತೂರಾಡುತ್ತ ಹೊಡೆದಾಡುವ ವಿದ್ಯೆ ಕಲಿಯುವ ಕತೆ ಅದು. ಅದರ ಇಂಗ್ಲಿಷ್ ಮಾತುಗಳು ನಮ್ಮಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಮಂಟಪದ ಮುಂದೆ ತಾಡಪತ್ರಿಯ ಮೇಲೆ ಕುಳಿತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನದಿಂದ ಅದಕ್ಕೆ ನಮ್ಮ ಓಣಿಯಲ್ಲಿ ‘ಕುಡುಕ ವಸ್ತಾದನ ಪಿಕ್ಚರ್’ ಎಂಬ ಹೆಸರೇ ಕಾಯಮ್ಮಾಯಿತು. ಹೆಬ್ಬೆರಳು, ತೋರುಬೆರಳುಗಳನ್ನು ಬಟ್ಟಲು ಹಿಡಿದಂತೆ ಬಾಗಿಸಿ, ತೂರಾಡುತ್ತ ಬಂದು ಎದುರಿನವನ ಎದೆಗೆ ಗುದ್ದುವ ಆಟವನ್ನು ನಾವು ದೀಪಾವಳಿಯವರೆಗೂ ಆಡಿದೆವು.

ಕಳೆದ ಭಾನುವಾರ ಹದಿಮೂರು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಚಿತ್ರವನ್ನು ಮತ್ತೆ ನೋಡಿದೆ. ನನಗೆ ಅಂದಿನಷ್ಟೇ ಸಂತೋಷವಾಯಿತು. ಆದರೆ ಆ ಸಂತೋಷ ಚಿತ್ರದಿಂದ ಬಂದದ್ದೋ, ಆ ತಾಡಪತ್ರಿಯ ನೆನಪಿನಿಂದ ಬಂದದ್ದೋ ಎಂದು ನಿರ್ಧರಿಸಲು ಆಗುತ್ತಿಲ್ಲ. ಈಚೆಗೆ ನೋಡಿದವರು ದಯವಿಟ್ಟು ತಿಳಿಸಿ. ಇನ್ನೂ ಎರಡು ಸಂದೇಹಗಳಿವೆ. ಕೆಂಪು ಮೂಗಿನ ಆ ಮುದುಕ ಗುರು ನಿಜಕ್ಕೂ ಅಷ್ಟು ವಯಸ್ಸಾದವರೇ? ಕೊನೆಯ ಹೊಡೆದಾಟ ಮುಗಿದ ಕೂಡಲೇ ಚಿತ್ರ ತಟ್ಟನೆ ನಿಂತದ್ದರಿಂದ ಅಂದು ನಾವೆಲ್ಲ ಕ್ಯಾಸೆಟ್ ತುಂಡಾಗಿದೆ ಎಂದುಕೊಂಡಿದ್ದೆವು. ಭಾನುವಾರ ನೋಡಿದ ಪ್ರತಿಯೂ ಅಲ್ಲಿಗೇ ನಿಂತಿತು. ಅದರ ಮುಂದೆ ಏನಾದರೂ ಇದೆಯೇ?

ಉತ್ತರ (ಹಾವೇರಿಯಿಂದ)

ಮೊದಲು ಮುದುಕನ ವಿಚಾರ ಹೇಳುತ್ತೇನೆ. ಆ ಪಾತ್ರ ಮಾಡಿದವರು ಯುವೆನ್ ಸಿಯು-ಟಿಯೆನ್. ಚಿತ್ರ 1978ರಲ್ಲಿ ತೆರೆಕಂಡಾಗ ಅವರು ಅರವತ್ತು ದಾಟಿದವರು, ಮರುವರ್ಷವೇ ತೀರಿಕೊಂಡರು. ಚಿತ್ರದ ನಿರ್ದೇಶಕ ಯುವೆನ್ ವೂ-ಪಿಂಗ್ ಈ ಹಿರಿಯರ ಸ್ವಂತ ಮಗ. ಮುಂದೆ 1999ರಲ್ಲಿ ‘ದಿ ಮ್ಯಾಟ್ರಿಕ್ಸ್’ ಚಿತ್ರದ ಹೊಡೆದಾಟಗಳನ್ನು ಸಂಯೋಜಿಸಿದ್ದು ಇದೇ ಮಗ. ತಂದೆಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ, ಶಿಷ್ಯನನ್ನು ಗೋಳು ಹೊಯ್ದುಕೊಳ್ಳುವ ಗುರುವಿನ ಪಾತ್ರವನ್ನು ಮಗನೇ ಮಾಡಿಸಿದ್ದಾನೆಂದು ತಿಳಿದ ಮೇಲೆ ನಾನು ಆ ದೃಶ್ಯಗಳನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆ.

ನೀವು ಕೇಳಿದ ಮುಖ್ಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ನಗು ಚಿತ್ರದ್ದೇ. ನಮ್ಮ ಕಾಕಾ ಊರಿನ ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದರು. ಹೊಸದಾಗಿ ಬಂದ ಹುಡುಗನಿಗೆ ಅವರು ಒಂದು ಪಟ್ಟನ್ನೂ ತೋರಿಸುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಅಖಾಡದ ಕೆಮ್ಮಣ್ಣನ್ನು ಸಲಿಕೆಯಿಂದ ಅಗೆದು, ಹೆಂಟೆ ಒಡೆದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುವುದೇ ಅವನ ಮೊದಲ ತಿಂಗಳುಗಳ ಕೆಲಸ. ಇದು ಶಿಕ್ಷೆಯೆಂದು ತಿಳಿದು ಓಡಿಹೋದವರು ಎಷ್ಟೋ ಮಂದಿ. ಉಳಿದವರ ಮುಂಗೈ, ಸೊಂಟಗಳಿಗೆ ಬಲ ಬಂದಿರುತ್ತಿತ್ತು, ಅದು ಬಂದದ್ದು ಅವರಿಗೇ ಗೊತ್ತಿರುತ್ತಿರಲಿಲ್ಲ. ಚಿತ್ರದಲ್ಲಿ ತಲೆಕೆಳಗಾಗಿ ನೇತುಬಿದ್ದ ಹುಡುಗ ಪುಟ್ಟ ಬಟ್ಟಲುಗಳಲ್ಲಿ ಕೆಳಗಿನ ನೀರನ್ನು ಮೊಗೆದು, ಹೊಟ್ಟೆಯ ಬಲದಿಂದ ಮೇಲೆದ್ದು, ಮೇಲಿನ ಪಾತ್ರೆಗೆ ಸುರಿಯುವುದನ್ನು ನೋಡಿ ನೀವೆಲ್ಲ ನಕ್ಕಿರಬೇಕು, ನಾನೂ ನಕ್ಕೆ. ಆದರೆ ಅಲ್ಲಿ ಮೇಲೇಳುತ್ತಿರುವುದು ಜಾಕಿ ಚಾನ್ ಅವರದೇ ಹೊಟ್ಟೆ, ನಡುಗುತ್ತಿರುವುದು ಅವರದೇ ತೋಳು. ಚಿಕ್ಕಂದಿನಲ್ಲೇ ಹಾಂಗ್‌ಕಾಂಗ್‌ನ ಪೀಕಿಂಗ್ ಆಪೆರಾ (ಹಾಡು, ಲಾಗ, ಕಾಳಗ ಕೂಡಿದ ಚೀನೀ ನಾಟಕ) ಶಾಲೆಗೆ ಸೇರಿ, ಸುಮಾರು ಹತ್ತು ವರ್ಷ ಗುರುವಿನ ಬೆತ್ತದಡಿಯಲ್ಲಿ ಲಾಗ ಹಾಕಿ ಬೆಳೆದ ಮೈ ಅದು. ಅಷ್ಟು ಸಾಮು ಮಾಡಿದ ಮೈ ಸೋಗಿಗೆ ಎಡವಿದರೂ ನೋಡಲು ಚೆಂದ.

ಉತ್ತರ (ಧಾರವಾಡದಿಂದ)

ಹಾವೇರಿಯ ಸರ್ ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಪೂರ್ತಿಯಾಗಿ ಒಪ್ಪಲಾರೆ. ಚಿತ್ರದ ಮೊದಲ ಅರ್ಧ ಗಂಟೆ ಇಂದು ನೋಡಲು ಕಷ್ಟವಾಗುತ್ತದೆ. ನಾಯಕ ಸಂತೆಯಲ್ಲಿ ಗುರುತಿಲ್ಲದ ಹುಡುಗಿಯನ್ನು ಪಂದ್ಯ ಕಟ್ಟಿ ಕೆಣಕುವ ಪ್ರಸಂಗವನ್ನು ನಾನು ಮಗಳ ಜೊತೆ ಕುಳಿತು ನೋಡಿದಾಗ ನಗು ಬರಲಿಲ್ಲ. ಆ ಹುಡುಗಿಯ ತಾಯಿ ಬಂದು ಅವನನ್ನು ಚೆನ್ನಾಗಿ ತದುಕುವುದೂ, ಆಮೇಲೆ ಆಕೆ ಅವನ ಸ್ವಂತ ಅತ್ತೆಯೆಂದು ತಿಳಿಯುವುದೂ ಇಲ್ಲದಿದ್ದರೆ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ.

ಆದರೆ ಒಂದು ಹಿನ್ನೆಲೆ ತಿಳಿದರೆ ಆ ತುಂಟತನದ ಉದ್ದೇಶ ಅರ್ಥವಾಗುತ್ತದೆ. ನಾಯಕ ವಾಂಗ್ ಫೇ-ಹುಂಗ್ ಕಾಲ್ಪನಿಕ ವ್ಯಕ್ತಿಯಲ್ಲ. ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಚೀನಾದಲ್ಲಿ ಬಾಳಿದ ವೈದ್ಯ, ಯುದ್ಧಕಲೆಯ ಗುರು. 1949ರಿಂದ ಕ್ವಾನ್ ತಾಕ್-ಹಿಂಗ್ ಎಂಬ ನಟ ಹತ್ತಾರು ಚಿತ್ರಗಳಲ್ಲಿ ಅವರನ್ನು ಗಂಭೀರ ಹಿರಿಯರಾಗಿಯೇ ತೋರಿಸಿದ್ದರು. ಅಂಥ ಹಿರಿಯರೂ ಹುಡುಗರಾಗಿದ್ದಾಗ ತಂದೆಯ ಕೈಯಲ್ಲಿ ಏಟು ತಿಂದಿರಬೇಕು, ಹೋಟೆಲಿನಲ್ಲಿ ಬಿಟ್ಟಿ ಉಂಡು ಸಿಕ್ಕಿಬಿದ್ದಿರಬೇಕು ಎಂದು ಈ ಚಿತ್ರ ಊಹಿಸಿದ್ದರಿಂದಲೇ ಹಾಂಗ್‌ಕಾಂಗ್‌ನ ಜನ ಮುಗಿಬಿದ್ದು ನೋಡಿದರು.

ನಿಮ್ಮ ಕ್ಯಾಸೆಟ್ ತುಂಡಾಗಿರಲಿಲ್ಲ. ಖಳನಾಯಕ ನೆಲಕ್ಕುರುಳಿದ ಕೆಲವೇ ಕ್ಷಣಗಳಲ್ಲಿ ಚಿತ್ರ ಸ್ತಬ್ಧವಾಗಿ ಮುಗಿಯುತ್ತದೆ, ಮುಂದೆ ಏನೂ ಇಲ್ಲ. ಆ ಕಾಲದ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಇದು ರೂಢಿಯೇ ಆಗಿತ್ತು. ಆ ಖಳನ ಕಾಲುಗಳನ್ನು ಗಮನಿಸಿದಿರಾ? ಆ ಪಾತ್ರ ಮಾಡಿದ ಹ್ವಾಂಗ್ ಜಾಂಗ್-ಲೀ, ಒದೆತವೇ ಮುಖ್ಯವಾದ ಕೊರಿಯಾದ ಯುದ್ಧಕಲೆ ತೇಕ್ವಾಂಡೊದ ಪಟು. ಒಂದು ಕಾಲ ಮೇಲೆ ಅಲುಗಾಡದೆ ನಿಂತು, ಇನ್ನೊಂದು ಕಾಲನ್ನು ಕೆಳಗಿಳಿಸದೆಯೇ ಮೇಲಿಂದ ಮೇಲೆ ಒದೆಯುವ ಅವರ ರೀತಿಯನ್ನು ಕಂಡಾಗ ನನಗೆ ಇಂದಿಗೂ ಹೆದರಿಕೆಯಾಗುತ್ತದೆ. ಖಳನ ಬಗ್ಗೆ ಆ ಹೆದರಿಕೆ ನಿಜವಾಗಿರುವುದರಿಂದಲೇ ನಾಯಕನ ತೂರಾಟ ನಗು ತರಿಸುತ್ತದೆ.

ಉತ್ತರ (ಗದಗಿನಿಂದ)

ಇಬ್ಬರೂ ಎಂಟನೆಯ ವರಸೆಯ ಬಗ್ಗೆ ಏನೂ ಹೇಳದೆ ಬಿಟ್ಟಿದ್ದೀರಿ, ನನಗೆ ಚಿತ್ರದ ತಿರುಳು ಇರುವುದು ಅಲ್ಲಿಯೇ. ಗುರು ಕಲಿಸುವ ಎಂಟು ವರಸೆಗಳಿಗೆ ಚೀನಾದ ತಾವೋ ಪಂಥದ ಎಂಟು ಅಮರರ ಹೆಸರಿದೆ. ಅವರಲ್ಲಿ ಒಬ್ಬ ಕುಂಟ, ಒಬ್ಬಳು ಹೆಣ್ಣು. ಹುಡುಗ ಏಳನ್ನು ಶ್ರದ್ಧೆಯಿಂದ ಕಲಿತು, ಹೋ ಎಂಬ ಆ ಅಮರಳ ವರಸೆಯನ್ನು ಹೆಂಗಸರ ಒಯ್ಯಾರವೆಂದು ಕಡೆಗಣಿಸುತ್ತಾನೆ. ಕೊನೆಯ ಕಾಳಗದಲ್ಲಿ ಏಳೂ ಸಾಲದಾದಾಗ, ಎಂಟನೆಯದನ್ನು ತಾನು ಕಲಿತೇ ಇಲ್ಲವೆಂದು ಗುರುವಿನ ಮುಂದೆ ಒಪ್ಪಿಕೊಳ್ಳಬೇಕಾಗುತ್ತದೆ. ಆಗ ಗುರು ಬೈಯುವುದಿಲ್ಲ, ಕಲಿತ ಏಳನ್ನು ಕೂಡಿಸಿ ನಿನ್ನದೇ ಎಂಟನೆಯದನ್ನು ಕಟ್ಟು ಎನ್ನುತ್ತಾನೆ. ಹುಡುಗ ಸೊಂಟ ಬಳುಕಿಸಿ, ಕನ್ನಡಿ ಹಿಡಿದಂತೆ ಅಂಗೈ ನೋಡಿಕೊಂಡು, ನಾಚುತ್ತ ನಾಚುತ್ತಲೇ ಖಳನ ಕಾಲಿನ ಬಲವನ್ನು ಮುರಿಯುತ್ತಾನೆ.

ನಮ್ಮ ಅಜ್ಜ ದೊಡ್ಡಾಟದಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದರು. ಹಗಲೆಲ್ಲ ಹೊಲದಲ್ಲಿ ರಂಟೆ ಹೊಡೆದ ಕಾಲುಗಳಿಗೆ ರಾತ್ರಿ ಗೆಜ್ಜೆ ಕಟ್ಟಿಕೊಂಡು, ಹಿಮ್ಮಡಿ ಊರದೆ ಬರೀ ತುದಿಗಾಲಿನ ಮೇಲೆ ಅಟ್ಟದ ಈ ಕೊನೆಯಿಂದ ಆ ಕೊನೆಗೆ ಬರುವುದನ್ನು ಅವರು ಮನೆಯ ಪಡಸಾಲೆಯಲ್ಲಿ ಮಾಡಿ ತೋರಿಸುತ್ತಿದ್ದರು. ಆ ಸಣ್ಣ ಹೆಜ್ಜೆಗೆ ಎಷ್ಟು ಕಸುವು ಬೇಕೆಂದು ನಾನು ಅವರ ಮೀನಖಂಡ ನೋಡಿ ತಿಳಿದೆ. ಅದಕ್ಕೇ ಆ ದೃಶ್ಯದಲ್ಲಿ ಹೆಣ್ಣನ್ನು ಹೀಯಾಳಿಸಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಹೀಯಾಳಿಸಿ ಬಿಟ್ಟಿದ್ದನ್ನೇ ಅವನು ಕೊನೆಗೆ ಕೈಹಿಡಿಯಬೇಕಾಯಿತು. ಕುಡಿತದ ವಿಚಾರವಾಗಿ ಹುಡುಗರಿಗೆ ಒಂದು ಮಾತು ಹೇಳಿ: ಈ ವರಸೆ ಕುಡಿದವನ ಚಲನೆಯ ಅನುಕರಣೆ ಮಾತ್ರ. ಕಂಪನಿ ನಾಟಕದಲ್ಲಿ ಕುಡುಕನ ಪಾತ್ರಧಾರಿ ಬೀಳುವಂತಾಗಿ ಬೀಳದೆ ನಿಲ್ಲುತ್ತಾನಲ್ಲ, ಅವನಿಗೆ ಉಳಿದವರೆಲ್ಲರಿಗಿಂತ ಹೆಚ್ಚಿನ ಎಚ್ಚರ ಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಕೊನೆಯ ಇಪ್ಪತ್ತು ನಿಮಿಷಗಳನ್ನು ಮಗನೊಂದಿಗೆ ಮತ್ತೊಮ್ಮೆ ನೋಡಿದೆ. ಎಂಟನೆಯ ವರಸೆ ಬಂದಾಗ ನಾನು ಮೊದಲ ಸಲ ಮುಖ ಬಿಟ್ಟು ಕಾಲುಗಳನ್ನೇ ನೋಡಿದೆ. ಒಂದು ಹೆಜ್ಜೆಯೂ ಅಂದಾಜಿನ ಮೇಲೆ ಬಿದ್ದಿರಲಿಲ್ಲ. ಇಂದು ಬೆಳಿಗ್ಗೆ ಎದ್ದು ಬಂದಾಗ ಮಗ ಹಿತ್ತಿಲಲ್ಲಿ, ಚಿತ್ರದ ತಂದೆ ಶಿಕ್ಷೆಗೆಂದು ನಿಲ್ಲಿಸಿದಂತೆ ಮೊಣಕಾಲು ಮಡಿಸಿ, ತೊಡೆಗಳ ಮೇಲೆ ಎರಡು ಸ್ಟೀಲ್ ವಾಟೆ ಇಟ್ಟುಕೊಂಡು ನಿಂತಿದ್ದ. ಅವನ ತಾಯಿ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು. ನಲವತ್ತೊಂದಕ್ಕೆ ಎಡಗಡೆಯ ವಾಟೆ ಬಿತ್ತು.