ನಮ್ಮ ಫೀಡರೇ ಯಾಕೆ ಮೊದಲು ಬಂದ್ ಆಗುತ್ತದೆ?

ಪ್ರಶ್ನೆ (ಕಾರಟಗಿ ಭಾಗದ ರೈತ): ಬೇಸಿಗೆಯಲ್ಲಿ ವಿದ್ಯುತ್ ಕೊರತೆಯಾದಾಗಲೆಲ್ಲ ನಮ್ಮ ಪಂಪ್‌ಸೆಟ್ ಫೀಡರೇ (ಸಬ್‌ಸ್ಟೇಷನ್ನಿನಿಂದ ನಮ್ಮ ಕಡೆಗೆ ಬರುವ ವಿದ್ಯುತ್ ಲೈನು) ಮೊದಲು ಬಂದ್ ಆಗುತ್ತದೆ, ಪಕ್ಕದ ಊರಿನಲ್ಲಿ ಮೋಟಾರು ಓಡುತ್ತಲೇ ಇರುತ್ತದೆ. ಕೇಳಿದರೆ, ‘ಅದು ತಾನಾಗಿಯೇ ಟ್ರಿಪ್ ಆಗುತ್ತದೆ’ ಎನ್ನುತ್ತಾರೆ. ಇದನ್ನು ಸರಿಪಡಿಸಿಕೊಂಡವರು ದಯವಿಟ್ಟು ತಿಳಿಸಿ.

ಉತ್ತರ (ಸಿರುಗುಪ್ಪ, ನಿವೃತ್ತ ಸಬ್‌ಸ್ಟೇಷನ್ ಆಪರೇಟರ್): ಅಣ್ಣಾವರೇ, ಆ ಮಾತು ಅರ್ಧ ಮಾತ್ರ ನಿಜ. ಗ್ರಿಡ್ಡಿನ, ಅಂದರೆ ಇಡೀ ವಿದ್ಯುತ್ ಜಾಲದ, ಫ್ರೀಕ್ವೆನ್ಸಿ (ಕರೆಂಟಿನ ಆವರ್ತನ) 50 ಹರ್ಟ್ಸ್‌ನ ಆಸುಪಾಸು ಇರಬೇಕು. ಬೇಡಿಕೆ ಉತ್ಪಾದನೆಯನ್ನು ಮೀರಿ ಅದು 49.4ಕ್ಕೆ ಇಳಿದರೆ ಮೊದಲ ಹಂತದ ರಿಲೇಗಳು (ಫ್ರೀಕ್ವೆನ್ಸಿ ಇಳಿದಾಗ ತಾವಾಗಿಯೇ ಲೈನು ಬಂದ್ ಮಾಡುವ ಸಾಧನಗಳು) ಕೆಲಸ ಮಾಡಿ, ತಮಗೆ ಜೋಡಿಸಿದ ಫೀಡರುಗಳನ್ನು ಕ್ಷಣದಲ್ಲಿ ಕತ್ತರಿಸುತ್ತವೆ. ಇನ್ನೂ ಇಳಿದರೆ 49.2, 49.0 ಎಂದು ಮುಂದಿನ ಹಂತಗಳಿವೆ. ಕತ್ತರಿಸುವುದು ರಿಲೇಯೇ, ಆದರೆ ಯಾವ ಫೀಡರನ್ನು ಯಾವ ಹಂತಕ್ಕೆ ಜೋಡಿಸಬೇಕೆಂದು ತೀರ್ಮಾನಿಸುವವರು ಮನುಷ್ಯರು. ಆಸ್ಪತ್ರೆ, ಕುಡಿಯುವ ನೀರಿನ ಫೀಡರುಗಳನ್ನು ಹೊರಗಿಡುವುದು ಸರಿಯೇ. ಉಳಿದವುಗಳಲ್ಲಿ ಒಂದನ್ನೇ ವರ್ಷಗಟ್ಟಲೆ ಮೊದಲ ಹಂತದಲ್ಲಿ ಬಿಡುವುದು ಅನ್ಯಾಯ.

ಶಕ್ತಿನಗರದ 1720 ಮೆಗಾವಾಟ್, ಕುಡತಿನಿಯ 1700 ಮೆಗಾವಾಟ್ ಉಷ್ಣ ವಿದ್ಯುತ್ ಕೇಂದ್ರಗಳು ನಮ್ಮ ಪಕ್ಕದಲ್ಲೇ ಇವೆಯಲ್ಲ ಎಂದು ಹಲವರು ಕೇಳುತ್ತಾರೆ. ಆ ವಿದ್ಯುತ್ ಗ್ರಿಡ್ಡಿಗೆ ಸೇರಿದ ಮೇಲೆ ಹತ್ತಿರದವರು, ದೂರದವರು ಎಂಬ ಭೇದ ಉಳಿಯುವುದಿಲ್ಲ.

ರಿಲೇಯಿಂದಾಗುವ ಕಡಿತ ಅಪರೂಪ. ನಿಮ್ಮಲ್ಲಿ ಪದೇ ಪದೇ ಆಗುತ್ತಿದ್ದರೆ ಅದು ಬಹುಶಃ ಮೇಲಿನಿಂದ ಬಂದ ಸೂಚನೆಯಂತೆ ಸರದಿಯ ಮೇಲೆ ತೆಗೆಯುವ ಕಡಿತ. ಆದ್ದರಿಂದ ಲಿಖಿತ ಅರ್ಜಿಯಲ್ಲಿ ಎರಡನ್ನೂ ಬೇರೆ ಬೇರೆ ಕೇಳಿ: ಫೀಡರ್ ಯಾವ ಹಂತದ ರಿಲೇಗೆ ಸೇರಿದೆ, ಲಾಗ್‌ಬುಕ್ಕಿನಲ್ಲಿ ಪ್ರತಿ ಕಡಿತಕ್ಕೆ ಬರೆದಿರುವ ಕಾರಣವೇನು. ಎಷ್ಟು ಸಲ ಹೋಯಿತು ಎಂಬುದಕ್ಕಿಂತ ಒಟ್ಟು ಎಷ್ಟು ನಿಮಿಷ, ಯಾವ ಹೊತ್ತಿನಲ್ಲಿ ಹೋಯಿತು ಎಂಬುದನ್ನು ಪಕ್ಕದ ಫೀಡರಿನೊಂದಿಗೆ ಹೋಲಿಸಿ. ನಡುರಾತ್ರಿ ಗದ್ದೆಗೆ ನೀರು ಕಟ್ಟುವವನಿಗೆ ಹಗಲಿನ ಒಂದು ಗಂಟೆಯೂ ರಾತ್ರಿಯ ಒಂದು ಗಂಟೆಯೂ ಒಂದೇ ಅಲ್ಲ.

ಉತ್ತರ (ಸಿಂಧನೂರು ತಾಲ್ಲೂಕಿನ ರೈತ): ಸರದಿ ಸರಿಯಾದರೂ ಇನ್ನೊಂದು ತೊಂದರೆ ಉಳಿಯುತ್ತದೆ. ತ್ರೀ ಫೇಸ್ ಬಂದ ಕೂಡಲೇ ಎಲ್ಲರ ಆಟೋ ಸ್ಟಾರ್ಟರುಗಳೂ ಒಟ್ಟಿಗೆ ಮೋಟಾರು ಎಳೆದು, ವೋಲ್ಟೇಜ್ ಕುಸಿದು, ಟಿಸಿಯೇ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ. ಆಮೇಲೆ ಸರದಿ ಬಂದರೂ ಕರೆಂಟ್ ಬಳಸಲಾಗದು. ನಾವು ಒಂದು ಟಿಸಿಯ ರೈತರೆಲ್ಲ ಕುಳಿತು ಮಾತಾಡಿ, ಪ್ರತಿ ಸ್ಟಾರ್ಟರಿನ ಟೈಮರನ್ನು ಬೇರೆ ಬೇರೆ ಹೊತ್ತಿಗೆ ಇಟ್ಟುಕೊಂಡೆವು. ಲೈನಿನ ಕೊನೆಯ ಹೊಲಗಳವರಿಗೆ ಮೊದಲ ಸರದಿ ಕೊಟ್ಟೆವು, ಏಕೆಂದರೆ ವೋಲ್ಟೇಜ್ ಎಲ್ಲರಿಗಿಂತ ಕಡಿಮೆ ಸಿಗುವುದು ಅವರಿಗೇ.