ಸೈಕಾಲಜಿ ಕ್ಲಾಸಿಗೆ ಯಾವ ಸಿನಿಮಾ ತೋರಿಸೋದು?

ಮಂಜಿನೂರು: ಮಡಿಕೇರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತೇನೆ. ಈಗ ಮಾನಸಿಕ ಕಾಯಿಲೆಗಳ ಪಾಠ ನಡೀತಿದೆ. ಬರೀ ಲಕ್ಷಣಗಳನ್ನು ಓದಿಸಿದರೆ ಮಾರನೇ ದಿನ ಅರ್ಧ ಕ್ಲಾಸಿಗೆ ಆ ಕಾಯಿಲೆಯೆಲ್ಲ ತಮಗೇ ಇದೆ ಅನ್ನಿಸಿರುತ್ತದೆ (ನನಗೂ ಓದುವಾಗ ಹಾಗೇ ಆಗಿತ್ತು). ಅದಕ್ಕೇ ಕಳೆದ ವಾರ 'ಆಪ್ತಮಿತ್ರ' ಹಾಕಿದೆ. ತಪ್ಪಾಯಿತು. ನಾಗವಲ್ಲಿ ಬಂದಾಗ ಹಿಂದಿನ ಬೆಂಚಿನವರು ಶಿಳ್ಳೆ ಹೊಡೆದರು, ಆಮೇಲೆ ಏನು ಅರ್ಥವಾಯಿತು ಬರೀರಿ ಅಂದರೆ ಸುಮಾರು ಜನ 'ಸ್ಕಿಜೋಫ್ರೇನಿಯಾ' ಅಂತ ಬರೆದಿದ್ದರು, ಒಬ್ಬಳು 'ಗಾಳಿ ಸೋಕಿದೆ' ಅಂತ. ಮಳೆಗೆ ಕರೆಂಟ್ ಬೇರೆ ಎರಡು ಸಲ ಹೋಯಿತು. ಸಿನಿಮಾ ಸಹವಾಸವೇ ಬೇಡವಾ?

ಕಾಫಿಹೂ: ಬಿಡಬೇಡಿ ಮೇಡಂ. 'ಶರಪಂಜರ' ಹಾಕಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ಸಿನಿಮಾ. 'ಕೊಡಗಿನ ಕಾವೇರಿ' ಹಾಡಿಗೇ ನಿಮ್ಮ ಹುಡುಗರು ಎದ್ದು ಕೂರುತ್ತಾರೆ. ಆದರೆ ಪೂರ್ತಿ ಬೇಡ, ಕಲ್ಪನಾ ಆಸ್ಪತ್ರೆಯಿಂದ ಗುಣವಾಗಿ ಬಂದ ಮೇಲಿನ ಭಾಗ ಸಾಕು. ಅವಳು ಸರಿಯಾಗಿದ್ದಾಳೆ, ಸುತ್ತ ಇದ್ದವರು ನಂಬುವುದಿಲ್ಲ. ನಮ್ಮ ದೊಡ್ಡಮ್ಮನಿಗೂ ಬಾಣಂತಿ ಸನ್ನಿ ಆಗಿತ್ತು. ವಾಸಿಯಾಗಿ ಇಪ್ಪತ್ತು ವರ್ಷ ಕಳೆದರೂ ಕೈಲ್‌ಪೊಳ್ದ್ ದಿನ ಮಾಂಸ ಹೆಚ್ಚೋಕೆ ಅವರ ಕೈಗೆ ಕತ್ತಿ ಕೊಡುತ್ತಿರಲಿಲ್ಲ. ಆಯುಧಕ್ಕೆ ಪೂಜೆ ಮಾಡುವ ದಿನ! ದೊಡ್ಡಮ್ಮ ಏನೂ ಹೇಳದೆ ಈರುಳ್ಳಿ ಸುಲಿಯುತ್ತಾ ಕೂರುತ್ತಿದ್ದರು.

ನೈಟ್‌ಡ್ಯೂಟಿ: ಮಾನಸಿಕ ರೋಗದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಬಾಣಂತಿ ಸನ್ನಿ ಸಾವಿರ ಹೆರಿಗೆಗೆ ಒಂದೋ ಎರಡೋ, ಜಾಸ್ತಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತದೆ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಸಿನಿಮಾ ಅದನ್ನು ಹಳೇ ಪ್ರೇಮದ ನೆನಪಿಗೆ ಗಂಟು ಹಾಕುತ್ತದೆ. ನಿಜದಲ್ಲಿ ಮೊದಲೇ ಬೈಪೋಲಾರ್ (ಅತಿ ಉತ್ಸಾಹ, ಅತಿ ಖಿನ್ನತೆ ಬಂದು ಹೋಗುವ ಕಾಯಿಲೆ) ಇದ್ದವರಿಗೆ ಅಪಾಯ ಜಾಸ್ತಿ, ಇದನ್ನು ಹೇಳಿಬಿಡಿ. ಮತ್ತೆ ಸ್ಕಿಜೋಫ್ರೇನಿಯಾ ಅಂದರೆ ಒಬ್ಬರೊಳಗೆ ಇಬ್ಬರು ಅಲ್ಲ, ಇಲ್ಲದ ಧ್ವನಿ ಕೇಳಿಸೋದು, ಇಲ್ಲದ್ದನ್ನು ನಿಜ ಅಂತ ನಂಬೋದು ಇಂಥವು. ನಾಗವಲ್ಲಿ ಥರದ್ದು ಡಿಸೋಸಿಯೇಟಿವ್ (ತಾನು ಯಾರು ಅನ್ನೋ ಅರಿವು, ನೆನಪು ಕಡಿದುಹೋಗುವ) ಗುಂಪಿಗೆ ಸೇರುತ್ತದೆ, ಅದೂ ಸಿನಿಮಾದ ಮಸಾಲೆ ತೆಗೆದ ಮೇಲೆ. ಎಲ್ಲರೂ ಹೊಗಳುವ 'ಎ ಬ್ಯೂಟಿಫುಲ್ ಮೈಂಡ್' ಕೂಡ ಹೀಗೇ. ಸ್ಕಿಜೋಫ್ರೇನಿಯಾ ಇದ್ದ ಗಣಿತಜ್ಞ ನ್ಯಾಶ್‌ಗೆ ಧ್ವನಿಗಳು ಕೇಳಿಸುತ್ತಿದ್ದವು, ಸಿನಿಮಾದಲ್ಲಿ ಇಲ್ಲದ ಜನ ಕಣ್ಣೆದುರೇ ಓಡಾಡುತ್ತಾರೆ. ಧ್ವನಿಯನ್ನು ತೆರೆ ಮೇಲೆ ತೋರಿಸೋದು ಕಷ್ಟ ಅಲ್ವಾ.

ಹಳೇ_ಸ್ಟೂಡೆಂಟ್: ನಮಗೆ ಸರ್ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ತೋರಿಸಿದ್ದರು, ಅನಂತ್‌ನಾಗ್‌ಗೆ ಅಲ್ಝೈಮರ್ಸ್, ಅಂದರೆ ಮರೆವಿನ ಕಾಯಿಲೆ ಇರೋ ಸಿನಿಮಾ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸೋರು. ಕಾಯಿಲೆ ಹೆಸರು ಬರೆಯೋ ಹಾಗಿಲ್ಲ, ಕಂಡದ್ದು, ಕೇಳಿದ್ದು ಮಾತ್ರ. ನಾನು 'ಅನಂತ್‌ನಾಗ್ ಮರೆತರು' ಅಂತ ಬರೆದಿದ್ದೆ, ಅದಕ್ಕೆ ಕೆಂಪು ಗೀಟು ಹಾಕಿ 'ಏನನ್ನು? ಯಾವಾಗ?' ಅಂತ ಕೇಳಿದ್ದರು. ಇನ್ನೊಂದು, ಮುಂಚೆಯೇ ಕಥೆ ಹೇಳಿ, ಬೇಡ ಅನ್ನಿಸಿದವರು ಹೊರಗೆ ಹೋಗಲಿ. ಅಜ್ಜನಿಗೆ ಅದೇ ಕಾಯಿಲೆ ಇದ್ದ ಹುಡುಗಿ ನಮ್ಮ ಕ್ಲಾಸಿನಲ್ಲಿದ್ದಳು, ಅದು ಯಾರಿಗೂ ಗೊತ್ತಿರಲಿಲ್ಲ.

ಮಂಜಿನೂರು: ಇದು ನನಗೆ ಹೊಳೆದೇ ಇರಲಿಲ್ಲ. ಆ ಗಾಳಿ ಸೋಕಿದೆ ಅಂತ ಬರೆದವಳ ಹತ್ತಿರ ಒಂದು ಸಲ ಕೂತು ಮಾತಾಡಬೇಕು, ನಾನು ಸುಮ್ನೆ ನಕ್ಕುಬಿಟ್ಟೆ. ಗುರುವಾರ 'ಶರಪಂಜರ', ಇಪ್ಪತ್ತು ನಿಮಿಷ ಮಾತ್ರ. ಯುಪಿಎಸ್ ಕೇಳಿದ್ದೇನೆ, ನೋಡೋಣ.