ಅಪ್‌ಡೇಟ್: ಮೆಡಿಕಲ್‌ಗೆ ಮೂರನೇ ವಿಷಯ ಯಾವುದು ಅಂತ ಕೇಳಿದ್ದೆ

ಹೋದ ವರ್ಷ ಕೇಳಿದ್ದು ಇಷ್ಟೇ: ಮುಂದೆ ಡಾಕ್ಟರ್ ಆಗಬೇಕು, ಬಯಾಲಜಿ, ಕೆಮಿಸ್ಟ್ರಿ ತಗೊಳ್ಳೋದು ಖಚಿತ. ಜೊತೆಗೆ ಫಿಸಿಕ್ಸಾ, ಮ್ಯಾಥ್ಸಾ, ಎರಡೂನಾ? ಮೊದಲು ಕಾಲೇಜುಗಳ ಅರ್ಹತೆ ನಿಯಮ ಓದು ಅಂದಿರಿ.

ಓದಿದೆ. ಒಂದು ಕಡೆ ಫಿಸಿಕ್ಸ್ ಕಡ್ಡಾಯ, ಇನ್ನೊಂದು ಕಡೆ ಮೂರನೆಯದು ಯಾವುದಾದರೂ ಸರಿ. ಫಿಸಿಕ್ಸ್ ಇದ್ದರೆ ಎರಡೂ ಕಡೆ ಅರ್ಜಿ ಹಾಕಬಹುದು ಅಲ್ವಾ? ಅದನ್ನೇ ತಗೊಂಡೆ. ನಾಲ್ಕೂ ಓದ್ತೀನಿ ಅನ್ನೋ ಹಟ ಮೂರೇ ವಾರಕ್ಕೆ ಇಳಿದಿತ್ತು.

ಫಿಸಿಕ್ಸ್ ಸುಮ್ನೆ ಲೆಕ್ಕಕ್ಕೆ ಅಂದುಕೊಂಡಿದ್ದೆ. ಆಮೇಲೆ ಕೊಳವೆಯಲ್ಲಿ ದ್ರವ ಹರಿಯುವ ಪಾಠ ಬಂತು. ಒತ್ತಡ, ಉದ್ದ ಅಷ್ಟೇ ಇದ್ದು ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು ಅರ್ಧ ಆಗಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ರಕ್ತನಾಳ ಸ್ವಲ್ಪ ಕಿರಿದಾದರೂ ಯಾಕೆ ಅಷ್ಟು ತೊಂದರೆ ಅಂತ ಆಗ ಹೊಳೆಯಿತು.

ನಿಜವಾಗಿ ಬೆವರಿಳಿಸಿದ್ದು ಕೆಮಿಸ್ಟ್ರಿ. ಬಫರ್ (ಸ್ವಲ್ಪ ಆಮ್ಲ, ಕ್ಷಾರ ಬೆರೆತರೂ ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ದ್ರಾವಣ; ಪಿಎಚ್ ಅಂದರೆ ಆಮ್ಲೀಯತೆಯ ಅಳತೆ) ಲೆಕ್ಕ ತಲೆಗೇ ಹತ್ತುತ್ತಿರಲಿಲ್ಲ. ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರುವುದಕ್ಕೆ ಬೈಕಾರ್ಬೊನೇಟ್ ಬಫರ್ ದೊಡ್ಡ ಕಾರಣ ಅಂತ ಬಯಾಲಜಿ ಮೇಡಂ ಹೇಳಿದರು. ಅಲ್ಲಿಂದ ಅದೇ ಲೆಕ್ಕ ಸಲೀಸಾಯಿತು. (ಬಯಾಲಜಿ ಬಗ್ಗೆ ದೂರೇ ಇಲ್ಲ, ಓದುವುದು ಮಾತ್ರ ರಾಶಿ.)

ಮ್ಯಾಥ್ಸ್ ಬಿಟ್ಟ ಬೇಜಾರು ಇನ್ನೂ ಇದೆ. ಸಂಖ್ಯಾಶಾಸ್ತ್ರವನ್ನು ನಾನಾಗೇ ಓದಿಕೊಳ್ಳುತ್ತಿದ್ದೇನೆ. ಅಪರೂಪದ ಕಾಯಿಲೆಯ ಟೆಸ್ಟ್ ಪಾಸಿಟಿವ್ ಬಂದರೂ ಕಾಯಿಲೆ ಇರಲೇಬೇಕು ಅಂತಿಲ್ಲ ಅನ್ನೋದು ಗೊತ್ತಾಗಿದ್ದು ಅಲ್ಲೇ.

ಅರ್ಜಿ ಹಾಕೋದು ಮುಂದಿನ ತಿಂಗಳು.